ಜಾವಗಲ್ಲಿಗೆ ಹೋದ ಪ್ರೂಫು

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇರುವವರಿಗೆ ಗಡಿಯಾರ ಬೇಕಿಲ್ಲ. ಅಕ್ಕಪಕ್ಕದ ಮನೆಯವರು ಗಾಡಿಗಳ ಸದ್ದು ಕೇಳಿಕೊಂಡೇ ಅಕ್ಕಿ ತೊಳೆಯುತ್ತಿದ್ದರು, ಮಕ್ಕಳನ್ನು ಎಬ್ಬಿಸುತ್ತಿದ್ದರು. ನನಗೆ ಬೆಂಗಳೂರಿನ ಕಡೆ ಹೋಗುವ ಗಾಡಿಗಳಷ್ಟೇ ಕೇಳಿಸುತ್ತಿದ್ದವು. ಪ್ರತಿಯೊಂದನ್ನೂ ಮನಸ್ಸಿನಲ್ಲೇ ಹತ್ತುತ್ತಿದ್ದೆ. ತಿಪಟೂರು ದಾಟುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿರುತ್ತಿತ್ತು.

ಎರಡು ಸಾವಿರದ ಐದಾರರ ಸುಮಾರಿನ ಮಾತು. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಡಿಸೈನ್ ಸಾಫ್ಟ್‌ವೇರ್ ತಯಾರಿಸುವ ಒಂದು ಕಂಪನಿಯಲ್ಲಿ ಆರು ವರ್ಷ ಪ್ರಾಡಕ್ಟ್ ಮ್ಯಾನೇಜರ್ ಆಗಿದ್ದೆ. ಪ್ರೆಸ್ಸಿನವರು, ಪುಟ ಕಟ್ಟುವವರು, ಜಾಹೀರಾತು ಮಾಡುವವರು ಬಳಸುವ ಸಾಫ್ಟ್‌ವೇರ್ ಅದು. ಅದನ್ನು ಬರೆಯುವವರು ಬೇರೆ, ಕೊಂಡು ಬಳಸುವವರು ಬೇರೆ. ಬಳಸುವವರ ಪಕ್ಕದಲ್ಲಿ ಕೂತು ಅವರ ಪಾಡು ನೋಡಿಕೊಂಡು ಬಂದು, ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆಯುವವರಿಗೆ ಹೇಳುವುದು ನನ್ನ ಕೆಲಸ. ಗಂಡನಿಗೆ ಅರಸೀಕೆರೆಗೆ ವರ್ಗವಾಯಿತು, ನಾನು ಕೆಲಸ ಬಿಟ್ಟು ಬಂದೆ. ಯಾರು ಕೇಳಿದರೂ ಈ ಒಂದೇ ವಾಕ್ಯ ಹೇಳುತ್ತಿದ್ದೆ. ಹೇಳುವಾಗ ಗಂಡನ ಕಡೆ ಒಂದು ಸಲ ನೋಡುತ್ತಿದ್ದೆ. ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಅತಿಥಿ ಎಂದರೆ ಪ್ರತಿ ವರ್ಷ ಜೂನ್‌ನಲ್ಲಿ ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಂತು, ಈ ವರ್ಷವೂ ನನ್ನನ್ನು ಕರೆಯುತ್ತೀರಾ ಎಂದು ಕೇಳಬೇಕಾದವಳು. ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದವು, ಅದರಲ್ಲಿ ಜೀವ ಇದ್ದದ್ದು ಐದಕ್ಕೆ. ಕರೆಂಟು ಇದ್ದಾಗ ಕಂಪ್ಯೂಟರ್ ತೋರಿಸುತ್ತಿದ್ದೆ, ಹೋದಾಗ ಅದೇ ಕಂಪ್ಯೂಟರಿನ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕ್ಲಾಸಿನಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದೆ, ಮನೆಗೆ ಬಂದು ಗಂಡನ ಮೇಲೆ ರೇಗುತ್ತಿದ್ದೆ, ಯಾರ ತಪ್ಪೂ ಇರುತ್ತಿರಲಿಲ್ಲ. ನನಗೆ ಉಸಿರು ಕಟ್ಟುತ್ತಿತ್ತು. ಇದನ್ನು ಇನ್ನೂ ಚೆಂದವಾಗಿ ಹೇಳಲು ನನಗೆ ಬರುವುದಿಲ್ಲ.

ನಾಲ್ಕನೆಯ ವರ್ಷ, ಹಳೆಯ ಕಂಪನಿಯಿಂದ ನನ್ನ ಜೊತೆ ಕೆಲಸ ಮಾಡಿದ್ದ ಗೆಳತಿಯ ಫೋನು ಬಂತು. ಅವಳು ಅಷ್ಟರಲ್ಲಿ ನಮ್ಮ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದಳು. ಸಣ್ಣ ಊರಿನ ಪ್ರಿಂಟಿಂಗ್ ಅಂಗಡಿಗಳಿಗೆಂದೇ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದಾರಂತೆ. ಅದಕ್ಕೆ ಹೊಸಬರು ಬೇಕು, ಡಿಗ್ರಿ ಮುಗಿಸುತ್ತಿರುವವರಾದರೂ ಪರವಾಗಿಲ್ಲ ಎಂದಳು. "ಇಲ್ಲಿಯ ಹುಡುಗ್ರು ಇಂಗ್ಲಿಷಲ್ಲಿ ಚೆನ್ನಾಗಿ ಮಾತಾಡ್ತಾರೆ ಕಣೇ, ಆದ್ರೆ ಲಗ್ನಪತ್ರಿಕೆ ಮಾಡೋ ಅಂಗಡಿ ಒಳಗೆ ಕಾಲಿಟ್ಟಿಲ್ಲ. ನಿನ್ನ ಕಾಲೇಜಲ್ಲಿ ಕಣ್ಣಿರೋರು ಯಾರಾದ್ರೂ ಇದ್ರೆ ತಯಾರು ಮಾಡಿ ಕಳಿಸು."

ತಯಾರು ಮಾಡಲು ಹೊರಟೆ. ಭಾನುವಾರ ಬೆಳಿಗ್ಗೆ ಕ್ವಾರ್ಟರ್ಸಿನ ವರಾಂಡದಲ್ಲಿ ನಾಲ್ವರನ್ನು ಕೂರಿಸಿಕೊಂಡೆ, ಮೂವರು ಹುಡುಗರು, ಒಬ್ಬಳು ಹುಡುಗಿ. ಮೊದಲನೆಯ ಪಾಠ, ಸ್ಟೇಷನ್ ರಸ್ತೆಯಲ್ಲಿ ಲಗ್ನಪತ್ರಿಕೆ ಟೈಪು ಮಾಡಿಕೊಡುವ ಡಿಟಿಪಿ ಅಂಗಡಿಗೆ ಹೋಗಿ ಎರಡು ಗಂಟೆ ಸುಮ್ಮನೆ ಕೂತು ನೋಡುವುದು. ಬಾಯಿ ಬಿಡಬಾರದು, ಬುದ್ಧಿ ಹೇಳಬಾರದು. ಹುಡುಗರು ಹೋಗಿ ಬಂದು, "ಆಪರೇಟರಿಗೆ ಸ್ಪೀಡ್ ಇಲ್ಲ ಮೇಡಂ, ಟ್ರೈನಿಂಗ್ ಕೊಡ್ಬೇಕು" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ, ಅಂದರೆ ಸಾಫ್ಟ್‌ವೇರು, ನಿಜವಾಗಿಯೂ ಡೊಂಕಾಗಿದ್ದರೂ ಇವರು ಕುಣಿಯುವವನನ್ನೇ ಬೈದಿದ್ದರು. ಅದನ್ನೇ ಹೇಳಿ ಚೆನ್ನಾಗಿ ಬೈದೆ. ಮುಂದಿನ ಭಾನುವಾರ ಇಬ್ಬರು ಬರಲಿಲ್ಲ, ಅದರ ಮುಂದಿನ ಭಾನುವಾರ ಮೂರನೆಯವನೂ ಬರಲಿಲ್ಲ.

ಉಳಿದವಳು ಆ ಹುಡುಗಿ. ಜಾವಗಲ್‌ನವಳು, ತೆಂಗು ಬೆಳೆಯುವ ಮನೆಯವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಕ್ಲಾಸಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಹೀಗಿತ್ತು: ಒಂದು ಲಗ್ನಪತ್ರಿಕೆಗೆ ಆಪರೇಟರು ಹೂವು, ಗಣಪತಿ, ಬಾರ್ಡರು ಎಲ್ಲ ಸೇರಿ ಹದಿನೈದು ನಿಮಿಷ ತೆಗೆದುಕೊಂಡ. 'ಸುಖಾಗಮನ ಬಯಸುವವರು' ಎಂಬ ಪಟ್ಟಿಗೆ ಒಂದು ಗಂಟೆ ಹತ್ತು ನಿಮಿಷ. ಯಾಕೆಂದರೆ ವಧುವಿನ ಸೋದರಮಾವ ಬಂದು ಒಂದು ಹೆಸರು ಮೇಲೆ ಹಾಕಿಸಿದ, ಅವನು ಹೋದ ಮೇಲೆ ಚಿಕ್ಕಪ್ಪ ಬಂದು ಕೆಳಗೆ ಹಾಕಿಸಿದ. ಒಂದು ಹೆಸರು ಸರಿದರೆ ಪುಟವೆಲ್ಲ ಕೆಡುತ್ತಿತ್ತು. ಇದಕ್ಕೆಲ್ಲ ಅಭ್ಯಾಸವಾಗಿದ್ದ ಆಪರೇಟರು ಪಟ್ಟಿಯ ನಡುವೆ ಯಾವಾಗಲೂ ಒಂದು ಸಾಲು ಖಾಲಿ ಬಿಟ್ಟುಕೊಳ್ಳುತ್ತಿದ್ದ. "ಯಾರೋ ಒಬ್ರನ್ನ ಮರ್ತೇ ಮರ್ತಿರ್ತಾರಂತೆ ಮೇಡಂ, ಅವ್ರಿಗೆ ಆ ಜಾಗ" ಎಂದಳು. ಆರು ವರ್ಷದ ಕೆಲಸದಲ್ಲಿ ಅಂಥದೊಂದನ್ನು ನಾನೂ ಕಂಡು ಬಂದಿರಲಿಲ್ಲ.

ಇನ್ನು ನನ್ನ ಬುದ್ಧಿವಂತಿಕೆಯ ಕಥೆ. ಇಷ್ಟು ದಿನ ನೋಡುವವಳಾಗಿ ಹೋದೆ, ಈಗ ಗಿರಾಕಿಯಾಗಿ ಹೋಗು ಎಂದೆ. ಒಂದು ಲಗ್ನಪತ್ರಿಕೆ ಮಾಡಿಸು. ಸುಳ್ಳು ಹೆಸರು ಹಾಕಬೇಡ, ನಿಮ್ಮ ಮನೆಯವರ ಹೆಸರೇ ಹಾಕು. ನಮ್ಮವರ ಹೆಸರು ಹಿಂದೆ ಮುಂದೆ ಆದಾಗಲೇ ನೋವು ಏನೆಂದು ಗೊತ್ತಾಗುವುದು. ಬೇಕೆಂದೇ ಒಂದು ಹೆಸರನ್ನು ತಪ್ಪು ಜಾಗದಲ್ಲಿ ಬರೆದುಕೊಡು, ಆಮೇಲೆ ಬದಲಾಯಿಸಿ ಅನ್ನು, ಅವನು ಹೇಗೆ ಮಾಡುತ್ತಾನೆ ನೋಡು. ಅವಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ವಧುವಿನ ಜಾಗದಲ್ಲಿ ತನ್ನ ಹೆಸರು, ಆಶೀರ್ವದಿಸುವವರಲ್ಲಿ ಅಜ್ಜಿ, ಪಟ್ಟಿಯಲ್ಲಿ ಅಪ್ಪ, ಚಿಕ್ಕಪ್ಪ, ಅವರ ಕೆಳಗೆ, ಬೇಕೆಂದೇ, ದೊಡ್ಡಪ್ಪ. ವರನ ಜಾಗ ಖಾಲಿ ಬಿಡುವ ಹಾಗಿಲ್ಲವಲ್ಲ, ಬಾಯಿಗೆ ಬಂದ ಒಂದು ಹೆಸರು ಬರೆದು, ಊರು ಹಗರೆ ಎಂದು ಸೇರಿಸಿದಳು. ಸೋಮವಾರ ಬಂದು ನೋಡುತ್ತೇನೆ ಎಂದು ಹೇಳಿ ಬಸ್ಸು ಹತ್ತಿದಳು.

ನಮ್ಮ ಕಡೆ ಮದುವೆ ಹುಡುಗಿ ತನ್ನ ಪತ್ರಿಕೆಯ ಪ್ರೂಫು, ಅಂದರೆ ಅಚ್ಚಿಗೆ ಮುಂಚಿನ ಪ್ರತಿ, ನೋಡುವುದಿಲ್ಲ. ಪ್ರೂಫಿಗೆ ಸಹಿ ಹಾಕುವವರು ಮನೆಯ ಹಿರಿಯರು. ಹೆಸರು ಬಿಟ್ಟುಹೋಗಿ ಜಗಳ ಬಿದ್ದರೆ ನಾಳೆ ಅಂಗಡಿಯವನನ್ನು ಯಾರೂ ಹಿಡಿಯಬಾರದು, ಅದಕ್ಕೆ. ಹಳ್ಳಿಯವರು ಸಹಿಗೆಂದು ಪದೇ ಪದೇ ಬರಲಾರರೆಂದು ಅಂಗಡಿಯವರು ಪ್ರೂಫನ್ನು ಕವರಿಗೆ ಹಾಕಿ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದರು. ಅವನು ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಿರುವ ಅಂಗಡಿಗೆ ಕೊಟ್ಟು ಹೋಗುತ್ತಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಆ ಪದ್ಧತಿಯ ಬಗ್ಗೆ ಹುಡುಗಿಯ ಕೈಲಿ ನಾನೇ ಅರ್ಧ ಪುಟ ಬರೆಸಿದ್ದೆ. ಆದರೂ ನನಗೆ ಹೊಳೆಯಲಿಲ್ಲ. ಆಪರೇಟರು, ಪಾಪ, ಒಳ್ಳೆಯವನು. ಹುಡುಗಿ ಸಹಿಗಾಗಿ ಯಾಕೆ ಓಡಾಡಬೇಕು ಎಂದು ಶನಿವಾರದ ಬಸ್ಸಿಗೇ ಕವರು ಕೊಟ್ಟುಬಿಟ್ಟ. ಜಾವಗಲ್‌ನಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿ ಹುಡುಗಿಯ ದೊಡ್ಡಪ್ಪನದು.

ದೊಡ್ಡಪ್ಪ ಕವರು ಒಡೆದು ನೋಡಿದರೆ, ತಮ್ಮನ ಮಗಳ ಮದುವೆ ತಮಗೆ ಗೊತ್ತಿಲ್ಲದೆ ನಿಶ್ಚಯವಾಗಿದೆ, ಅದರಲ್ಲೂ ತಮ್ಮ ಹೆಸರು ಕೊನೆಯ ತಮ್ಮನ ಕೆಳಗೆ. ಎರಡರಲ್ಲಿ ಯಾವುದು ಅವರನ್ನು ಹೆಚ್ಚು ಚುಚ್ಚಿತೋ ಇವತ್ತಿಗೂ ನಾನು ಹೇಳಲಾರೆ. ಅಣ್ಣತಮ್ಮಂದಿರಿಬ್ಬರು ಸ್ಕೂಟರಿನಲ್ಲಿ ಹಗರೆಗೆ ಹೋಗಿ ಹಾಲಿನ ಡೇರಿಯ ಮುಂದೆ ನಿಂತು ವರನನ್ನು ಹುಡುಕಿದರಂತೆ. ಆ ಹೆಸರಿನವರು ಮೂವರು ಸಿಕ್ಕಿದರಂತೆ, ಒಬ್ಬರಿಗೆ ಮೊಮ್ಮಕ್ಕಳಿದ್ದರು. ಈಗ ನಗು ಬರುತ್ತದೆ. ಆ ವಾರ ಹುಡುಗಿ ಕಾಲೇಜಿಗೆ ಬರಲಿಲ್ಲ. ಬೆಂಗಳೂರಿನ ಕಂಪನಿಯ ಇಂಟರ್‌ವ್ಯೂಗೆ ಉಳಿದದ್ದು ಎಂಟು ದಿನ. ಅವಳ ಜೊತೆ ಬಸ್ಸಿನಲ್ಲಿ ಬರುವ ಹುಡುಗಿಯರು, "ಅವ್ಳನ್ನ ಇನ್ನ ಕಳ್ಸಲ್ವಂತೆ ಮೇಡಂ, ಗಂಡು ನೋಡ್ತಾವ್ರಂತೆ" ಎಂದರು. ಬಾಯಿಲ್ಲದ ಒಂದು ಹುಡುಗಿಯನ್ನು ನಾನೇ ಕೈಯಾರೆ ಒಳಗೆ ಹಾಕಿ ಚಿಲಕ ಜಡಿದಿದ್ದೆ.

ಭಾನುವಾರ ಜಾವಗಲ್‌ಗೆ ಹೊರಟೆ. "ನಾನೂ ಬರ್ಲಾ?" ಎಂದು ಗಂಡ ಚಪ್ಪಲಿ ಹಾಕಿಕೊಳ್ಳಲು ಹೋದರು. "ನಿಮ್ಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ" ಎಂದೆ. ಚಪ್ಪಲಿ ಬಿಟ್ಟು ಒಳಗೆ ಹೋದರು. ಬೇಲೂರಿನ ಬಸ್ಸು, ಹಳೇಬೀಡು ನೋಡಲು ಹೊರಟ ಟೂರಿಸ್ಟುಗಳೇ ಅರ್ಧ ತುಂಬಿದ್ದರು. ದೇವಸ್ಥಾನ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಅಲ್ಲಿಗೆ ಹೋಗಿರಲಿಲ್ಲ, ಈ ಊರುಗಳಲ್ಲಿ ನೋಡುವುದೇನಿದೆ ಎಂಬ ಹಟ.

ಅವರ ಮನೆಯ ಜಗುಲಿಯಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರೂ ಕೂತಿದ್ದರು. ಅಪ್ಪ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಮಾತು ನಿಧಾನ. ತಪ್ಪು ನನ್ನದು, ಇದು ಬೆಂಗಳೂರಿನ ಒಂದು ಕೆಲಸದ ತಯಾರಿಗೆ ಪಾಠಕ್ಕೆಂದು ಮಾಡಿಸಿದ ಪತ್ರಿಕೆ, ವರ ಎನ್ನುವವನೇ ಇಲ್ಲ ಎಂದು ಮೊದಲಿನಿಂದ ಹೇಳಿದೆ. ದೊಡ್ಡಪ್ಪ, "ಅದಿರ್ಲಿ, ನನ್ನೆಸ್ರು ಕೆಳಗ್ ಹಾಕ್ಸಿದ್ಯಾಕೆ, ಅದ್ನ ಮೊದ್ಲು ಹೇಳಿ" ಎಂದರು. ಒಳಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು. "ದೊಡ್ಡಪ್ಪ, ನಿನ್ ಹೆಸ್ರು ಕೆಳಗಿದ್ರೆ ಎಲ್ರಿಗೂ ತಪ್ಪು ಅಂತ ತಕ್ಷಣ ಗೊತ್ತಾಯ್ತದೆ ಅಂತ ನಿಂದೇ ಹಾಕ್ದೆ." ಅದಕ್ಕೆ ದೊಡ್ಡಪ್ಪ ಕಾಫಿ ತರಲು ಹೇಳಿದರು.

ಅಪ್ಪ ಅಷ್ಟಕ್ಕೆ ಕರಗುವವರಲ್ಲ. "ಕೆಲ್ಸ ಅಂದ್ರಲ್ಲ, ಏನದು?" ಎಂದು ಕೇಳಿದರು. ಮಾಡುವವರಿಗೂ ಕೊಳ್ಳುವವರಿಗೂ ನಡುವೆ ನಿಂತು ಇಬ್ಬರಿಗೂ ಸರಿಹೋಗುವಂತೆ ತೀರ್ಮಾನ ಮಾಡುವ ಕೆಲಸ ಎಂದೆ.

"ದಲ್ಲಾಳಿ."

"ಹಾಗಲ್ಲ, ಇದರಲ್ಲಿ ವಸ್ತು ಹೇಗಿರಬೇಕು ಅಂತ ಹೇಳೋದೂ ಇವಳೇ."

"ಒಳ್ಳೆ ದಲ್ಲಾಳಿ ಆದ್ರೆ ಅದ್ನೂ ಹೇಳ್ತಾನೆ. ಇಂಥ ಕೊಬ್ರಿ ತಂದ್ರೆ ಮಾತ್ರ ಮಾರ್ಕೊಡ್ತೀನಿ ಅಂತಾನೆ." ಆರು ವರ್ಷ ನಾನು ಕೊಟ್ಟ ವಿವರಣೆಗಳಲ್ಲಿ ಇಷ್ಟು ಚೊಕ್ಕವಾದದ್ದು ಒಂದೂ ಇರಲಿಲ್ಲ. "ನೀವು ಮಾಡ್ತಿದ್ರಂತೆ ಈ ಕೆಲ್ಸಾನ. ಬಿಟ್ಟಿದ್ಯಾಕೆ?"

"ನಮ್ಮ ಮನೆಯವರಿಗೆ ಇಲ್ಲಿಗೆ ಟ್ರಾನ್ಸ್‌ಫರ್ ಆಯ್ತು."

"ಸರಿ. ನಾಳೆ ಇವ್ಳ ಗಂಡಂಗೂ ಎಲ್ಲಿಗೋ ಆಯ್ತದೆ, ಇವ್ಳೂ ಬಿಡ್ತಾಳೆ. ಬಿಡೋ ಕೆಲ್ಸಕ್ಕೆ ಅಷ್ಟ್ ದೂರ ಹೋಗಿ ಬರೋದ್ಯಾಕೆ ಮೇಡಮ್ನೋರೆ, ಇಲ್ಲೇ ಇರ್ಲಿ."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಆ ಹುಡುಗಿಯನ್ನು ಕಟ್ಟಿಹಾಕಲು ಅವರಿಗೆ ಬೇರೆ ಹಗ್ಗ ಬೇಕಿರಲಿಲ್ಲ, ನನ್ನ ಬದುಕೇ ಸಾಕಾಗಿತ್ತು. ಬಾಗಿಲ ಹಿಂದೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು.

"ನಾನು ಬಿಟ್ಟಿಲ್ಲ," ಎಂದೆ. "ರಜೆ ಮೇಲೆ ಬಂದಿರೋದು. ರಜೆ ಮುಗೀತು, ನಾನೂ ವಾಪಸ್ ಹೋಗ್ತಿದ್ದೀನಿ. ಕೆಲ್ಸ ಸಿಕ್ಕಿದ್ರೆ ನಿಮ್ಮ ಮಗಳು ನನ್ನ ಜೊತೆಗೇ ಇರ್ತಾಳೆ."

ಎಲ್ಲಿಂದ ಬಂತೋ ಆ ಮಾತು. ಅಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗಳನ್ನು ಹೊರಗೆ ಕರೆದು, "ಹೋಗ್ಬಾ ಹಂಗಾದ್ರೆ, ಮೇಡಂ ಜೊತೆ" ಎಂದರು.

ಇಂಟರ್‌ವ್ಯೂಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ನಾನು ಆರು ವರ್ಷ ಓಡಾಡಿದ ಬಾಗಿಲಲ್ಲಿ ಹೊಸ ರಿಸೆಪ್ಷನಿಸ್ಟ್ ಒಂದು ಚೀಟಿ ಕೊಟ್ಟು ಬಂದ ಕಾರಣ ಬರೆಯಿರಿ ಎಂದಳು. 'ಜೊತೆಗೆ ಬಂದವರು' ಎಂದು ಬರೆದು ಸೋಫಾದಲ್ಲಿ ಕೂತೆ. ಎರಡು ಗಂಟೆಯಾದ ಮೇಲೆ ಹುಡುಗಿ ಕೆಂಪಗಾಗಿ ಹೊರಗೆ ಬಂದಳು. ನಮ್ಮ ಸಾಫ್ಟ್‌ವೇರಿನಲ್ಲಿ ಏನು ಕೊರತೆ ಎಂದು ಕೇಳಿದರಂತೆ. ಖಾಲಿ ಸಾಲಿನ ಕಥೆ ಹೇಳಿ, ಆಮೇಲೆ ತನ್ನ ಪ್ರೂಫು ದೊಡ್ಡಪ್ಪನ ಕೈ ಸೇರಿದ್ದನ್ನೂ ಹೇಳಿದಳಂತೆ. ಟೈಪು ಮಾಡಿಸುವವರೊಬ್ಬರು, ನೋಡುವವರೊಬ್ಬರು, ಒಪ್ಪುವವರೊಬ್ಬರು. ಪ್ರೂಫು ಯಾರ ಕಣ್ಣಿಗೆ ಯಾವಾಗ ಬೀಳಬೇಕು ಎಂದು ನಿಮ್ಮ ಸಾಫ್ಟ್‌ವೇರಿಗೆ ಗೊತ್ತಿಲ್ಲ, ಅದರಿಂದ ನಾನು ಒಂಬತ್ತು ದಿನ ಮನೆಯಲ್ಲಿ ಕೂತೆ, ಎಂದಳಂತೆ. ಒಳಗಿದ್ದ ಮೂವರೂ ಬರೆದುಕೊಂಡರಂತೆ. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಹೆಮ್ಮೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ಎರಡನ್ನೂ ಬರೆಯುವುದೇ ಸರಿ.

ಹತ್ತು ದಿನಕ್ಕೆ ಗೆಳತಿ ಫೋನು ಮಾಡಿದಳು. "ಅವ್ಳನ್ನ ತಗೊಂಡ್ವಿ ಕಣೇ. ನಿನ್ನ ಹಳೇ ಜಾಗಾನೂ ಖಾಲಿ ಇದೆ. ನೀನು ಬರ್ತೀಯಾ?" ನನ್ನ ಸುಳ್ಳು ನಿಜವಾಗಲು ಒಂದು ಹೂಂ ಸಾಕಾಗಿತ್ತು. "ನಮ್ಮನೆಯವರನ್ನ ಕೇಳ್ಬೇಕು" ಎಂದೆ. ಹುಡುಗಿ ಸೇರುವ ದಿನಕ್ಕೆ ಐದು ವಾರ ಇತ್ತು. ಪ್ರತಿ ದಿನ ಬೆಳಿಗ್ಗೆ, ಇವತ್ತು ಊಟಕ್ಕೆ ಕೂತಾಗ ಕೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಹೆಚ್ಚಾಯಿತೆಂದೋ ನಲ್ಲಿ ಸೋರುತ್ತಿದೆಯೆಂದೋ ಜಗಳ ತೆಗೆಯುತ್ತಿದ್ದೆ. "ಏನೋ ಹೇಳ್ಬೇಕು ಅಂತಿದ್ದೀಯಲ್ಲ?" ಎಂದು ಒಂದು ದಿನ ಅವರೇ ಕೇಳಿದರು. "ಏನಿಲ್ಲ" ಎಂದು ತಟ್ಟೆ ಎತ್ತಿದೆ. ಕೊನೆಯ ವಾರ ಗೆಳತಿಗೆ ಫೋನು ಮಾಡಿ, ಹುಡುಗಿಗೆ ಆಫೀಸಿನ ಹತ್ತಿರ ಒಂದು ಲೇಡೀಸ್ ಹಾಸ್ಟೆಲ್ ನೋಡು ಎಂದೆ. ನನ್ನ ವಿಷಯ ಅವಳೂ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಪ್ಲಾಟ್‌ಫಾರ್ಮಿಗೆ ಹೋದಾಗ ಅಪ್ಪ ಮಗಳು ಆಗಲೇ ಬಂದಿದ್ದರು. ಹುಡುಗಿಯ ಪಕ್ಕದಲ್ಲಿ ಎರಡು ಸೂಟ್‌ಕೇಸು, ಒಂದು ಚೀಲ ಕಾಯಿ. ನನ್ನ ಕೈಲಿ ಪರ್ಸು ಒಂದೇ. ಏನೇನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದೆ: ರಜೆ ಮುಂದುವರಿಯಿತು, ಮುಂದಿನ ವಾರ ಬರುತ್ತೇನೆ, ಹೀಗೆ. ಅಪ್ಪ ನನ್ನ ಕೈ ನೋಡಿದರು. ನಾನು ಪರ್ಸನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡೆ. ಈಗ ಮಗಳನ್ನು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡೆ. ಹುಡುಗಿಯೂ ಅದನ್ನೇ ಎಣಿಸಿರಬೇಕು, ಸೂಟ್‌ಕೇಸಿನ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತಳು. ಗಾಡಿ ಬಂತು. ಅಪ್ಪ ಎರಡು ಸೂಟ್‌ಕೇಸನ್ನೂ ಎತ್ತಿ ಒಳಗಿಟ್ಟು, ಮಗಳನ್ನು ಹತ್ತಿಸಿ, ಕಿಟಕಿಯಿಂದ ಕಾಯಿ ಚೀಲ ಕೊಟ್ಟರು. ಹಾಸ್ಟೆಲಿನ ವಿಳಾಸ ಬರೆದ ಕಾಗದವನ್ನು ನಾನು ಅವಳಿಗೆ ಕೊಟ್ಟೆ. ಅವಳು ನನ್ನ ಕೈಯನ್ನು ಗಾಡಿ ಅಲ್ಲಾಡುವವರೆಗೂ ಬಿಡಲಿಲ್ಲ.

ಗಾಡಿ ಹೋದ ಮೇಲೆ ನಾನು, "ನಿಮ್ಗೆ ಸುಳ್ಳು ಹೇಳಿದ್ದೆ" ಎಂದೆ.

"ಅವತ್ತೇ ಗೊತ್ತಾಯ್ತು ಮೇಡಮ್ನೋರೆ. ಮೂವತ್ ವರ್ಷದಿಂದ ಕೊಬ್ರಿ ಮಂಡಿಲಿ ಕೂತಿವ್ನಿ."

"ಮತ್ತೆ ಕಳಿಸಿದ್ರಿ?"

"ಗೌರ್ವಸ್ಥ ಹೆಣ್ಮಗ್ಳು, ಯಾರ್ದೋ ಮನೆ ಜಗ್ಲಿ ಮ್ಯಾಲೆ ಕೂತು ಸುಳ್ ಹೇಳೋವಷ್ಟು ಆಸೆ ಇಟ್ಕೊಂಡವ್ರೆ ಅಂದ್ರೆ, ಆ ಕೆಲ್ಸದಲ್ಲಿ ಏನೋ ಐತೆ ಅನ್ನುಸ್ತು. ಅದು ನನ್ ಮಗ್ಳಿಗಾದ್ರೂ ಸಿಗ್ಲಿ ಅಂತ." ಟವಲಿನಿಂದ ಮುಖ ಒರೆಸಿಕೊಂಡರು. ಸ್ವಲ್ಪ ದೂರ ಜೊತೆಯಲ್ಲೇ ನಡೆದೆವು. ಗೇಟಿನ ಹತ್ತಿರ ಅವರು ನಿಂತು, "ತಪ್ ತಿಳ್ಕೋಬ್ಯಾಡಿ, ಕೇಳ್ತೀನಿ. ನಿಮ್ಮನ್ನ ಹೋಗ್ಬ್ಯಾಡ ಅಂದೋರ್ಯಾರು?" ಎಂದರು.

ನಮ್ಮ ಮನೆಯವರು ಎನ್ನಲು ಬಾಯಿ ತೆರೆದೆ. ನಾಲ್ಕು ವರ್ಷ ಎಲ್ಲರಿಗೂ, ಅವರೆದುರೇ, ಹೇಳಿಕೊಂಡು ಬಂದ ಉತ್ತರ. ಆದರೆ ಬಾ ಎಂದು ಅವರು ಕರೆದದ್ದಾಗಲಿ, ಹೋಗಬೇಡ ಎಂದು ತಡೆದದ್ದಾಗಲಿ ನನಗೆ ನೆನಪಾಗಲಿಲ್ಲ. ವರ್ಗದ ಆರ್ಡರು ಬಂದ ದಿನವೂ ನಾನು ಅವರನ್ನು ಕೇಳಿರಲಿಲ್ಲ, ಈ ಐದು ವಾರದಲ್ಲೂ ಕೇಳಲಿಲ್ಲ. ಕೇಳಿ, ಅವರು ಹೋಗು ಎಂದುಬಿಟ್ಟಿದ್ದರೆ, ಬೈಯುವುದಕ್ಕೆ ನನಗೆ ಯಾರೂ ಉಳಿಯುತ್ತಿರಲಿಲ್ಲ.

"ಯಾರೂ ಅಂದಿಲ್ಲ," ಎಂದೆ. ಅವರು ತಲೆದೂಗಿ ಜಾವಗಲ್ ಬಸ್ಸಿಗೆ ಹೋದರು. ನಾನು ಕ್ವಾರ್ಟರ್ಸಿನ ಕಡೆ ನಡೆದೆ.